ಯಾವ ಸಿನಿಮಾಕ್ಕೆ ಯಾವ ಅಡುಗೆ? ಕರಾವಳಿಯವರೂ ಬನ್ನಿ, ಘಟ್ಟದ ಮೇಲಿನವರೂ ಬನ್ನಿ

ಕೋಡಿಬಾಗದ ಕಿಟಕಿ (ಕಾರವಾರ)

ಮಳೆ ಹಿಡಿದು ಕೂತಿದೆ. ಸಂಜೆ ಹೊರಗೆ ಕಾಲಿಡೋ ಹಾಗಿಲ್ಲ. ಶನಿವಾರ ರಾತ್ರಿ ಅಕ್ಕಪಕ್ಕದವರೆಲ್ಲ ನಮ್ಮಲ್ಲಿ ಸೇರಿ ಏನಾದರೂ ನೋಡುತ್ತೇವೆ. ಜೊತೆಗೆ ಮನೆಯಲ್ಲೇ ಮಾಡಿದ್ದು ಏನಾದರೂ ತಿನ್ನೋಕೆ ಇರುತ್ತದೆ. ಯಾವ ಸಿನಿಮಾಕ್ಕೆ, ಯಾವ ಸೀರಿಯಲ್ಲಿಗೆ ಯಾವ ಅಡುಗೆ ಹೊಂದುತ್ತದೆ ಅಂತ ನಿಮ್ಮ ನಿಮ್ಮ ಜೋಡಿ ಹೇಳಿ. ಪಾಪ್‌ಕಾರ್ನ್ ಬೇಡ, ಅದು ಟಾಕೀಸಿಗೆ ಇರಲಿ.

ನನ್ನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಕಥೆ ನೋಡಿ ಅಡುಗೆ ಆರಿಸುತ್ತಾರೆ. ನಾನು ಮುಳ್ಳು ನೋಡಿ ಆರಿಸುತ್ತೇನೆ. ಮಲಯಾಳಂ ಸಿನಿಮಾ ಹಾಕಿದರೆ ಕೆಳಗೆ ಬರೋ ಅಕ್ಷರ ಓದಬೇಕು. ತಟ್ಟೆಯಲ್ಲಿ ತಾರ್ಲೆ (ಬೂತಾಯಿ ಮೀನು) ಇದ್ದರೆ ಕಣ್ಣು ತಟ್ಟೆ ಮೇಲೇ ಇರಬೇಕು. ಎರಡೂ ಒಟ್ಟಿಗೆ ಆಗೋ ಕೆಲಸ ಅಲ್ಲ. ಒಂದೋ ಕಥೆ ತಪ್ಪುತ್ತದೆ, ಇಲ್ಲಾ ಗಂಟಲಲ್ಲಿ ಮುಳ್ಳು ಸಿಕ್ಕುತ್ತದೆ. ಆದ್ದರಿಂದ ತಾರ್ಲೆ ಹುರಿದ ದಿನ ನಮ್ಮಲ್ಲಿ ಈಗಾಗಲೇ ನೋಡಿ ಬಾಯಿಪಾಠ ಆಗಿರೋ ಕನ್ನಡ ಸಿನಿಮಾ. 1990ರ ‘ಗಣೇಶನ ಮದುವೆ’ ಹಾಕಿ, ಅನಂತ್ ನಾಗ್ ಮಾತು ಕಿವಿಗೆ ಬಿದ್ದರೆ ಸಾಕು. ತಲೆ ಎತ್ತದೇ ನಗಬಹುದು. ಅಕ್ಷರ ಓದೋ ಸಿನಿಮಾಕ್ಕೆ ಸುಲಿದ ಸೀಗಡಿ, ಇಲ್ಲಾ ಇಸ್ವಾಣದ (ಅಂಜಲ್ ಮೀನಿನ) ತುಂಡು. ಇಸ್ವಾಣಕ್ಕೆ ನಡುವೆ ಒಂದು ಎಲುಬು, ಕತ್ತಲಲ್ಲೂ ಕೈಗೆ ಸಿಗುತ್ತದೆ.

ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ತಾಜಾ ಇಸ್ವಾಣದ ರೇಟು ಕೇಳೋದೇ ಬೇಡ. ಹಾಗಾಗಿ ಮಳೆಗಾಲಕ್ಕೆ ಆಗೋ ಜೋಡಿ ಇದ್ದರೆ ಮೊದಲು ಅದನ್ನ ಹೇಳಿ.

ಸಿದ್ದಾಪುರದ ಮಾಣಿ

ಅಣ್ಣ, ನಮಗೆ ಮುಳ್ಳಿನ ಚಿಂತೆಯೇ ಇಲ್ಲ. ನಮ್ಮ ಚಿಂತೆ ಹಪ್ಪಳದ ಸದ್ದು. ಹಲಸಿನ ಹಪ್ಪಳ ಕರಿದು ತಂದಿಟ್ಟರೆ ಸುತ್ತಲೂ ಕರುಕುರು ಅಂತ ಶುರು, ಪರದೆ ಮೇಲೆ ಯಾರು ಯಾರನ್ನು ಕೊಂದರು ಅಂತಲೇ ಗೊತ್ತಾಗೋದಿಲ್ಲ. ಅದಕ್ಕೇ ಪತ್ತೇದಾರಿ ಸಿನಿಮಾ ಇದ್ದ ದಿನ ಹಪ್ಪಳಕ್ಕೆ ರಜೆ.

ಆದರೆ ಕಥೆಗೆ ಹೊಂದೋ ಅಡುಗೆ ಬೇಡ ಅನ್ನೋದನ್ನ ಮಾತ್ರ ನಾನು ಒಪ್ಪೋದಿಲ್ಲ. ಹಿಂದಿಯ ‘ಪಂಚಾಯತ್’ ಸರಣಿ ನೋಡಿದ್ದೀರಲ್ವಾ? 2020ರಲ್ಲಿ ಬಂತು. ಫುಲೇರಾ ಅನ್ನೋ ಹಳ್ಳಿ, ಪಟ್ಟಣದಿಂದ ಬಂದ ಸೆಕ್ರೆಟರಿ. ಪ್ರಧಾನರು ಪ್ರೀತಿಗೂ ಸೋರೆಕಾಯಿ ಕೊಡುತ್ತಾರೆ, ಕೆಲಸ ಆಗಬೇಕಾದರೂ ಸೋರೆಕಾಯಿ ಕೊಡುತ್ತಾರೆ. ಅದನ್ನ ನೋಡುವಾಗ ಸೋರೆಕಾಯಿ ಹಶಿ ಉಣ್ಣದೇ ಇದ್ದರೆ ಏನು ಮಜಾ? ನಮ್ಮ ಆಯಿ ಒಂದೇ ಕಾಯಲ್ಲಿ ಎರಡು ಅಡುಗೆ ತೆಗೆಯುತ್ತಾಳೆ. ತಿರುಳನ್ನ ಬೇಯಿಸಿ, ಕಾಯಿತುರಿ, ಹಸಿಮೆಣಸು ಬೀಸಿ ಹಾಕಿ, ಮೊಸರು ಕಲಸಿ ಒಗ್ಗರಣೆ ಕೊಟ್ಟರೆ ಹಶಿ. ಸಿಪ್ಪೆಯನ್ನ ಎಣ್ಣೆಯಲ್ಲಿ ಹುರಿದು, ಉದ್ದಿನಬೇಳೆ, ಒಣಮೆಣಸು, ಚೂರು ಹುಳಿ ಸೇರಿಸಿ ಬೀಸಿದರೆ ಚಟ್ನಿ. ಊರಲ್ಲಿ ಎಲ್ಲರ ಬೇಲಿ ಮೇಲೂ ಸೋರೆಬಳ್ಳಿ ಬಿಟ್ಟ ತಿಂಗಳು ಯಾರೂ ಬೇಡ ಅಂದರೂ ಚೀಲ ತುಂಬಿಸಿ ಕೊಡುತ್ತಾರೆ. ಫುಲೇರಾ ಏನು, ಸಿದ್ದಾಪುರ ಏನು.

ಭಟ್ಕಳದ ದಮ್

‘ಉಸ್ತಾದ್ ಹೋಟೆಲ್’ ಹೆಸರು ಯಾರೂ ಎತ್ತಲಿಲ್ಲ ಅಂದರೆ ಆಶ್ಚರ್ಯ. 2012ರ ಮಲಯಾಳಂ ಸಿನಿಮಾ. ಕೋಳಿಕೋಡಿನ ಕಡಲ ದಂಡೆಯಲ್ಲಿ ಅಜ್ಜನ ಹೋಟೆಲು, ದುಲ್ಕರ್ ಮೊಮ್ಮಗ, ತಿಲಕನ್ ಅಜ್ಜ. ಅದಕ್ಕೆ ನಮ್ಮ ಮನೆಯಲ್ಲಿ ಭಟ್ಕಳ ಬಿರಿಯಾನಿ. ಬೇರೆ ಮಾತೇ ಇಲ್ಲ.

ನಮ್ಮದು ಈರುಳ್ಳಿ ಜಾಸ್ತಿ ಹಿಡಿಯೋ ಬಿರಿಯಾನಿ. ಹೆಚ್ಚುವಾಗ ನೋಡಿದವರು ‘ಇಷ್ಟು ಯಾಕೆ?’ ಅಂತ ಕೇಳುತ್ತಾರೆ. ಅದು ಕರಗಿ ಮಸಾಲೆಯಾಗಿ ಅಡಿಗೆ ಕೂತ ಮೇಲೆ ಯಾರೂ ಕೇಳೋದಿಲ್ಲ. ಮೇಲೆ ಅನ್ನ. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಉರಿ ಸಣ್ಣ ಮಾಡಿ, ಸಿನಿಮಾ ಹಾಕಿಬಿಡೋದು. ದಮ್ಮಿಗೆ ಅರ್ಧ ಗಂಟೆ ಒಳಗೇ ಸಾಕು. ಹೊತ್ತಾದ ತಕ್ಷಣ ಒಬ್ಬರು ಎದ್ದು ಒಲೆ ಆರಿಸಬೇಕು, ಅಷ್ಟೇ. ಮುಚ್ಚಳ ತೆಗೆಯೋದು ಇಂಟರ್ವಲ್ಲಿಗೆ. ಅಷ್ಟು ಹೊತ್ತು ಮನೆ ತುಂಬ ಘಮ, ಪರದೆ ಮೇಲೂ ಬಿರಿಯಾನಿ. ತಾಳ್ಮೆ ಪರೀಕ್ಷೆ ಅಂದರೆ ಇದು. ಕೊನೆಗೆ ಸುಲೈಮಾನಿ. ಹಾಲಿಲ್ಲದ ಚಾ, ಏಲಕ್ಕಿ, ನಿಂಬೆರಸ. ಸಿನಿಮಾದಲ್ಲೂ ಅದೇ ಕುಡಿಯುತ್ತಾರೆ.

ಕಿಟಕಿ ಭಾಯ್, ನಿಮ್ಮ ಲೆಕ್ಕಕ್ಕೂ ಇದು ಸರಿಹೋಗುತ್ತದೆ. ಬಿರಿಯಾನಿ ತಿನ್ನೋಕೆ ಕಣ್ಣು ಬೇಕಾಗಿಲ್ಲ. ಏಲಕ್ಕಿ ಹಲ್ಲಿಗೆ ಸಿಕ್ಕರೆ ಮಾತ್ರ ಅಕ್ಷರ ತಪ್ಪುತ್ತದೆ.

ಹೊನ್ನಾವರ ಹೊಳೆದಂಡೆ

ಬಿರಿಯಾನಿ ಮಾಡಿದ ದಿನ ನಮ್ಮನ್ನೂ ಕರೀರಿ. ಭಟ್ಕಳ ಏನು ದೂರ.

ಶಿರಸಿ ಸೊಸೆ

ಎಲ್ಲ ಓದಿದೆ. ಒಂದು ಪ್ರಶ್ನೆ. ಸಿನಿಮಾ ಓಡುವಾಗ ಒಲೆ ಮುಂದೆ ಯಾರಿರುತ್ತಾರೆ?

ಹಪ್ಪಳ ಬಿಸಿಬಿಸಿ ಬೇಕು, ದೋಸೆ ಬಿಸಿಬಿಸಿ ಬೇಕು, ಮೀನು ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. ತಂದು ಕೊಡೋಳು ಬಾಗಿಲ ಹತ್ತಿರ ನಿಂತು ‘ಈಗೇನಾಯಿತು?’ ಅಂತ ಕೇಳುತ್ತಾಳೆ. ಒಳಗಿಂದ ‘ಆಮೇಲೆ ಹೇಳುತ್ತೇನೆ’ ಅಂತ ಉತ್ತರ. ಆ ‘ಆಮೇಲೆ’ ಬರೋದೇ ಇಲ್ಲ.

2021ರಲ್ಲಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಬಂತಲ್ಲ, ಅದಕ್ಕೆ ಏನು ಅಡುಗೆ ಜೋಡಿ ಮಾಡುತ್ತೀರಿ ಹೇಳಿ ನೋಡೋಣ. ಮಾವನಿಗೆ ಒಲೆಯಲ್ಲೇ ಬೆಂದ ಅನ್ನ ಬೇಕು, ಕಲ್ಲಲ್ಲೇ ಅರೆದ ಚಟ್ನಿ ಬೇಕು. ಸಿಂಕಿನ ಪೈಪು ಸೋರುತ್ತಲೇ ಇರುತ್ತದೆ, ಪ್ಲಂಬರ್ ಕರೆಸೋಕೆ ಗಂಡನಿಗೆ ನೆನಪಾಗೋದಿಲ್ಲ. ಉಂಡೆದ್ದವರು ಅಗಿದ ನುಗ್ಗೆಕಾಯಿ ಸಿಪ್ಪೆಯನ್ನ ಮೇಜಿನ ಮೇಲೇ ಬಿಟ್ಟು ಹೋಗುತ್ತಾರೆ. ಆ ಮೇಜನ್ನ ಅಷ್ಟು ಹತ್ತಿರದಿಂದ ತೋರಿಸಿದ್ದಾರೆ. ನಮ್ಮ ಮನೆಯಲ್ಲಿ ಅದನ್ನ ನೋಡುವಾಗ ಯಾರ ಕೈಯಲ್ಲೂ ತಟ್ಟೆ ಇರಲಿಲ್ಲ. ಅತ್ತೆ ಮುಗಿಯೋವರೆಗೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ‘ಪೈಪು ರಿಪೇರಿಗೆ ಎಷ್ಟಾಗುತ್ತಿತ್ತು ಮಹಾ?’ ಅಂದರು. ಅಷ್ಟೇ ಅಂದದ್ದು.

ಆದ್ದರಿಂದ ನನ್ನ ಕಾನೂನು ಇದು. ಸಿನಿಮಾ ಶುರುವಾಗೋ ಹೊತ್ತಿಗೆ ಒಲೆ ಆರಿರಬೇಕು. ಅಡುಗೆ ಮಾಡಿದೋಳು ಮೊದಲಿಂದ ಕೂತು ನೋಡೋ ಹಾಗಿದ್ದರೆ ಮಾತ್ರ ಅದು ಜೋಡಿ. ನಮ್ಮ ಕಡೆ ಅಂಥ ಅಡುಗೆಗೆ ಬರವಿಲ್ಲ:

ತಂಬುಳಿ. ಒಂದೆಲಗದ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ಬೀಸಿ, ಮಜ್ಜಿಗೆಗೆ ಸೇರಿಸಿದರೆ ಆಯಿತು. ಆರಿದಷ್ಟೂ ಒಳ್ಳೆಯದು. ಅನ್ನಕ್ಕೆ ಕಲಸಿ ಬಟ್ಟಲಲ್ಲಿ ಹಾಕಿಕೊಂಡರೆ ಚಮಚದಲ್ಲೇ ಮುಗಿಯುತ್ತದೆ.

ಹಲಸಿನ ಕಡುಬು. ಮಧ್ಯಾಹ್ನ ಬೇಯಿಸಿಟ್ಟರೆ ರಾತ್ರಿಗೂ ಮೆತ್ತಗೆ. ಮೇಲೆ ತುಪ್ಪ.

ತೊಡೆದೇವು, ಕಾಗದದಷ್ಟು ತೆಳ್ಳಗಿನ ಸಿಹಿ. ಹಬ್ಬದ ಹೊತ್ತಿಗೆ ಮಾಡಿ ಡಬ್ಬಿಯಲ್ಲಿ ಇಟ್ಟದ್ದು ಇದ್ದರೆ ಬೇರೇನೂ ಬೇಡ. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಗಟ್ಟಿ ಇರಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ಜೋತುಬೀಳುತ್ತದೆ.

ಕೋಡಿಬಾಗದ ಕಿಟಕಿ

ಅಕ್ಕ, ನಮ್ಮಲ್ಲಿ ಮೀನು ಹುರಿಯೋದು ನಾನೇ.

ಶಿರಸಿ ಸೊಸೆ

ಒಳ್ಳೆಯದು ಅಣ್ಣ. ಮತ್ತೆ ಕಾವಲಿ ತಿಕ್ಕೋದು?

ಸಿದ್ದಾಪುರದ ಮಾಣಿ

ಕಿಟಕಿ ಮುಚ್ಚಿತು.

ಕುಮಟಾ ಮೇಷ್ಟ್ರು

ಸೊಸೆಯವರು ಹೇಳಿದ್ದು ಹೊಸದೇನಲ್ಲ. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ ದೂರದರ್ಶನದಲ್ಲಿ ಬರುತ್ತಿದ್ದ ಕಾಲ ನೆನಪಿಸಿಕೊಳ್ಳಿ. 1988ರಿಂದ 1990. ಭಾನುವಾರ ಬೆಳಿಗ್ಗೆ. ಕೇರಿಗೆ ಒಂದೋ ಎರಡೋ ಟಿವಿ. ಆ ಹೊತ್ತಿಗೆ ತೆಳ್ಳೇವು (ತೆಳು ದೋಸೆ) ಎರೆಯೋಕೆ ಯಾವ ಹೆಂಗಸೂ ತಯಾರಿರಲಿಲ್ಲ. ಒಂದೊಂದೇ ಎರೆಯುತ್ತಾ ಕೂತರೆ ಕೃಷ್ಣ ಬಂದು ಹೋಗಿರುತ್ತಿದ್ದ. ಹಾಗಾಗಿ ಭಾನುವಾರ ಅಂದರೆ ಅವಲಕ್ಕಿ. ಮಜ್ಜಿಗೆ ಹಾಕಿದ್ದು ಒಂದು, ಕಾಯಿಬೆಲ್ಲ ಹಾಕಿದ್ದು ಒಂದು. ಒಲೆ ಹೊತ್ತಿಸೋ ಕೆಲಸವೇ ಇಲ್ಲ. ಗಂಡಸರು ತಾವೇ ಕಲಸಿಕೊಂಡರು. ಯಾರೂ ಭಾಷಣ ಮಾಡಲಿಲ್ಲ, ಮಹಾಭಾರತವೇ ಮಾಡಿಸಿತು.

ಇನ್ನು ನನ್ನ ಜೋಡಿ. ‘ಮಾಲ್ಗುಡಿ ಡೇಸ್’ ಅಂದರೆ ಕಷಾಯ. ಶಂಕರ್ ನಾಗ್ ನಮ್ಮ ಹೊನ್ನಾವರದ ಕಡೆಯವರು ಅನ್ನೋ ಅಭಿಮಾನ ಇದ್ದದ್ದೇ. ಚಿತ್ರೀಕರಣ ಆಗಿದ್ದು ಆಗುಂಬೆಯಲ್ಲಿ. ಆ ಮಾಡು, ಆ ಜಗಲಿ, ಆ ಮಳೆ ನೋಡುತ್ತಾ ಕೈಯಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿದ ಬಿಸಿ ಕಷಾಯ ಇರಬೇಕು. ಹಾಲು, ಬೆಲ್ಲ ಹಾಕಿದ್ದು. ಎಲ್. ವೈದ್ಯನಾಥನ್ ಅವರ ಸಂಗೀತ ಶುರುವಾಗುತ್ತಿದ್ದ ಹಾಗೆ ಮೊದಲ ಗುಟುಕು. ಕಂತು ಚಿಕ್ಕದು, ಲೋಟವೂ ಚಿಕ್ಕದು. ಎರಡೂ ಒಟ್ಟಿಗೆ ಮುಗಿಯುತ್ತವೆ.

‘ನಮ್ಮೂರ ಮಂದಾರ ಹೂವೇ’ ನೋಡಿದರೆ ಅಪ್ಪೆಹುಳಿ, ಮಾವಿನಕಾಯಿಯ ತೆಳು ಹುಳಿ ಸಾರು. 1996ರದ್ದು, ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ. ನಮ್ಮ ತಾಲೂಕಿನ ಯಾಣದ ಕಲ್ಲು ಊರೂರಿಗೆ ಗೊತ್ತಾಗಿದ್ದೇ ಆ ಸಿನಿಮಾದಿಂದ. ಮೊದಲು ಭೈರವೇಶ್ವರನ ಭಕ್ತರು ಹೋಗುತ್ತಿದ್ದರು, ಆಮೇಲೆ ಬಸ್ಸು ತುಂಬ ಜನ. ಅದು ಒಳ್ಳೆಯದಾಯಿತೋ ಇಲ್ಲವೋ ಅನ್ನೋದು ಬೇರೆ ಮಾತು, ಚಿಪ್ಸಿನ ಪ್ಯಾಕೆಟು ಹೆಕ್ಕಿದವರನ್ನ ಕೇಳಿ.

ಮತ್ತೆ ‘ಕಸ್ತೂರಿ ನಿವಾಸ’. 1971. ಇದಕ್ಕೆ ಏನೂ ಮಾಡಬೇಡಿ. ಮನೆಗೆ ಬಂದವಳಿಗೆ ಊಟ ಹಾಕೋಕೆ ಕೈಯಲ್ಲಿ ಕಾಸಿಲ್ಲದೆ ನಾಯಕ ತನ್ನ ಪಾರಿವಾಳ ಮಾರುತ್ತಾನೆ. ಅವಳು ಬಂದದ್ದೇ ಮಗುವಿಗಾಗಿ ಆ ಪಾರಿವಾಳ ಕೇಳೋಕೆ. ಆ ಊಟದ ದೃಶ್ಯದಲ್ಲಿ ನಮ್ಮ ತಟ್ಟೆಯ ಅನ್ನ ಗಂಟಲಲ್ಲಿ ಇಳಿಯೋದಿಲ್ಲ. ಊಟ ಮುಗಿಸಿ ಕೂರಿ.

ಹೊನ್ನಾವರ ಹೊಳೆದಂಡೆ

ಮೇಷ್ಟ್ರೇ, ಅಪ್ಪೆಹುಳಿ ಯಾವ ಸಿನಿಮಾಕ್ಕೂ ಆಗೋದಿಲ್ಲ. ನಮ್ಮ ಅಪ್ಪಯ್ಯ ಒಂದು ಲೋಟ ಕುಡಿದರೆ ಇಂಟರ್ವಲ್ ಕಾಣೋದಿಲ್ಲ, ಗೊರಕೆ. ನಿದ್ದೆ ಬರದವರಿಗೆ ಕೊಡೋ ಪದಾರ್ಥ ಅದು.

ಕುಮಟಾ ಮೇಷ್ಟ್ರು

ಗೊತ್ತಪ್ಪ. ಅದಕ್ಕೇ ಹಾಡು ಚೆನ್ನಾಗಿರೋ ಸಿನಿಮಾಕ್ಕೆ ಜೋಡಿಸಿದ್ದು. ಇಳಯರಾಜ ಹಾಡು ಅರೆನಿದ್ದೆಯಲ್ಲೂ ಕೇಳುತ್ತದೆ.

ಪುಣೆಯಲ್ಲೊಂದು ಅಂಕೋಲಾ

ನಾನು ಒಬ್ಬನೇ ಇರೋದು. ಒಲೆ ಮುಂದೆ ಯಾರು, ಟಿವಿ ಮುಂದೆ ಯಾರು ಅನ್ನೋ ಜಗಳವಿಲ್ಲ. ಎರಡೂ ನಾನೇ.

ನನ್ನ ಜೋಡಿ ‘ದಿ ಲಂಚ್‌ಬಾಕ್ಸ್’. 2013ರದ್ದು. ಮುಂಬೈಯಲ್ಲಿ ಡಬ್ಬಿ ತಪ್ಪಿ ಬೇರೆಯವನ ಮೇಜಿಗೆ ಹೋಗುತ್ತದೆ, ಅವನು ಇರ್ಫಾನ್ ಖಾನ್. ಅವನು ಬರೆದು ಕಳಿಸೋ ಮೊದಲ ಚೀಟಿಯಲ್ಲೇ ಉಪ್ಪು ಜಾಸ್ತಿ ಅಂತ ದೂರು. ಹೊಗಳಿಕೆ ಇಲ್ಲ. ನಮ್ಮೂರ ಗಂಡಸರೇ ಬರೆದ ಹಾಗಿದೆ.

ಅದಕ್ಕೆ ನಾನು ಗಂಜಿ, ಒಣ ಸೀಗಡಿ ಕಿಸ್ಮುರಿ ಮಾಡಿಕೊಳ್ಳುತ್ತೇನೆ. ಮನೆಯಿಂದ ಬರುವಾಗ ಅಮ್ಮ ಒಣ ಸೀಗಡಿಯನ್ನ ಮೂರು ಪ್ಲಾಸ್ಟಿಕ್ಕು, ಮೇಲೊಂದು ಹಳೇ ಲುಂಗಿ ಸುತ್ತಿ ಕಳಿಸುತ್ತಾಳೆ. ಬಸ್ಸಿನಲ್ಲಿ ವಾಸನೆ ಬರಬಾರದು ಅಂತ. ಬರುತ್ತದೆ. ತಲೆ, ಬಾಲ ಮುರಿದು, ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಹುರಿದು, ಹೆಚ್ಚಿದ ಈರುಳ್ಳಿ, ಕಾಯಿತುರಿ, ಮೆಣಸಿನಪುಡಿ, ಹುಳಿ ಸೇರಿಸಿ ಕೈಯಲ್ಲೇ ಹಿಸುಕಬೇಕು. ಈರುಳ್ಳಿ ಕುಮಟಾದ ಸಿಹಿ ಈರುಳ್ಳಿಯಾದರೆ ಭಾಗ್ಯ. ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ನೇತುಹಾಕಿರುತ್ತಾರಲ್ಲ, ಅದರಲ್ಲಿ ಎರಡು ಜಡೆ ತಂದು ಅಡುಗೆಮನೆ ಮೊಳೆಗೆ ತೂಗುಹಾಕಿಕೊಂಡಿದ್ದೇನೆ. ಮುಂಗಾರು ಮುಗಿಯೋವರೆಗೆ ಬರುತ್ತದೋ ಇಲ್ಲವೋ.

ಮೇ ತಿಂಗಳಲ್ಲಿ ಕೇಳಿದ್ದರೆ ಬೇರೆ ಹೇಳುತ್ತಿದ್ದೆ. ಕರಿ ಇಶಾಡು ಮಾವಿನ ಹಣ್ಣು, ಕ್ರಿಕೆಟ್ ಮ್ಯಾಚು. ನಮ್ಮ ಅಂಕೋಲಾದ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಬಂತು. ಪುಣೆಯವರಿಗೆ ಇನ್ನೂ ಹಾಪುಸ್ ಬಿಟ್ಟು ಬೇರೆ ಮಾವೇ ಇಲ್ಲ. ನಾನೂ ವಾದ ಮಾಡೋದಿಲ್ಲ, ಕೊಟ್ಟರೆ ನನಗೆ ಕಮ್ಮಿ ಆಗುತ್ತದೆ.

ಭಟ್ಕಳದ ದಮ್

ಇದು ಬುದ್ಧಿವಂತರ ಮಾತು.

ಅಡಿಕೆ ಚಪ್ಪರ (ಯಲ್ಲಾಪುರ)

ಎಲ್ಲರೂ ಸಿನಿಮಾ ಸಿನಿಮಾ ಅಂತೀರಿ. ನಮ್ಮ ಮನೆಯಲ್ಲಿ ನಿಜವಾಗಿ ನೋಡೋದು ಸೀರಿಯಲ್. ಅದೂ ಅಡಿಕೆ ಸುಲಿಯೋ ಕಾಲದಲ್ಲಿ. ಕೊಯ್ಲು ಶುರುವಾದರೆ ರಾತ್ರಿ ಊಟ ಆದ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತೇವೆ. ಟಿವಿ ಎದುರಿಗೆ. ಕೈ ಕತ್ತಿ ಮೇಲೆ, ಕಿವಿ ಟಿವಿ ಕಡೆ. ಕಿಟಕಿಯವರ ಮುಳ್ಳಿನ ಲೆಕ್ಕಕ್ಕಿಂತ ಇದು ಅಪಾಯ. ಸೀರಿಯಲ್‌ನಲ್ಲಿ ಅತ್ತೆ ಸೊಸೆಗೆ ಬೈಯೋ ಹೊತ್ತಿಗೆ ತಲೆ ಎತ್ತಿದರೆ ಬೆರಳು ಹೋಯಿತು.

ಆಗ ತಿನ್ನೋದು ಏನು? ಕೈಗೆ ಅಡಿಕೆ ಚೊಗರು ಹತ್ತಿರುತ್ತದೆ, ಏನನ್ನೂ ಮುಟ್ಟೋ ಹಾಗಿಲ್ಲ. ಆದ್ದರಿಂದ ಲೋಟದಲ್ಲಿ ಕುಡಿಯೋದೇ ಆಗಬೇಕು. ಬಿಸಿ ಕಷಾಯ, ಇಲ್ಲಾ ಮುರುಗಲ (ಕೋಕಂ) ಹುಳಿಯ ಸಾರು. ಸಿಪ್ಪೆ ನೆನೆಸಿ ಕಿವುಚಿ, ಬೆಲ್ಲ, ಹಸಿಮೆಣಸು, ಇಂಗಿನ ಒಗ್ಗರಣೆ. ಗಂಟಲು ಸರಿಯಾಗುತ್ತದೆ, ನಿದ್ದೆಯೂ ಹಾರುತ್ತದೆ.

ಹಳೆಯದರಲ್ಲಿ ‘ಸಿಲ್ಲಿ ಲಲ್ಲಿ’ ಸುಲಿಯೋಕೆ ಭಾರಿ ಚಲೋ ಇತ್ತು. ಅಳು ಇಲ್ಲ, ಪರದೆ ನೋಡಲೇಬೇಕು ಅಂತಲೂ ಇಲ್ಲ. ಅದನ್ನ ಮಾಡಿದ ಸಿಹಿಕಹಿ ಚಂದ್ರು ಅವರೇ ಆಮೇಲೆ ಟಿವಿಯಲ್ಲಿ ‘ಬೊಂಬಾಟ್ ಭೋಜನ’ ಅಂತ ಅಡುಗೆ ಮಾಡಿ ತೋರಿಸಿದರು. ಅಂದರೆ ಜೋಡಿ ಅವರೇ ಮಾಡಿಕೊಟ್ಟಿದ್ದಾರೆ, ನಾವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇವೆ.

ಸಿದ್ದಾಪುರದ ಮಾಣಿ

ಹಬ್ಬದ ದಿನಕ್ಕೆ ನನ್ನ ಹತ್ತಿರ ಒಂದು ಜೋಡಿ ಇದೆ. 1957ರ ತೆಲುಗು ‘ಮಾಯಾಬಜಾರ್’. ಭಾಷೆ ಬಾರದಿದ್ದರೂ ಅಡ್ಡಿಯಿಲ್ಲ, ಕಥೆ ನಮಗೆ ಗೊತ್ತಿರೋದೇ. ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ ನೋಡಿದವರಿಗೆ ಬಲರಾಮನ ಮಗಳು, ಅಭಿಮನ್ಯು, ಘಟೋತ್ಕಚ ಎಲ್ಲ ನೆಂಟರೇ. ಎಸ್. ವಿ. ರಂಗರಾವ್ ಘಟೋತ್ಕಚನಾಗಿ ಮದುವೆ ಅಡುಗೆ ಮುಂದೆ ಕೂತು ಉಣ್ಣೋದಿದೆಯಲ್ಲ, ಆ ಹಾಡಿನ ಹೊತ್ತಿಗೆ ನಮ್ಮ ಎಲೆಯಲ್ಲೂ ಹೋಳಿಗೆ ಇರಬೇಕು. ಅದಕ್ಕೆ ತುಪ್ಪ, ಮೇಲೆ ಕಾಯಿಹಾಲು. ಪರದೆ ಮೇಲೆ ಲಡ್ಡುಗಳು ತಾವಾಗೇ ಹಾರಿಬಂದು ಬಾಯಿಗೆ ಬೀಳುತ್ತವೆ. ಇಲ್ಲಿ ಮಾತ್ರ ಯಾರಾದರೂ ಬಡಿಸಬೇಕು. ಅಕ್ಕ ಬೈಯೋ ಮೊದಲೇ ಹೇಳಿಬಿಡುತ್ತೇನೆ, ಹೋಳಿಗೆ ಬೆಳಿಗ್ಗೆಯೇ ಬೇಯಿಸಿದ್ದು, ಹೂರಣ ಬೀಸಿಕೊಟ್ಟವನು ನಾನು.

ಶಿರಸಿ ಸೊಸೆ

ಬೀಸಿದ್ದು ಗ್ರೈಂಡರು ಅಲ್ವಾ?

ಸಿದ್ದಾಪುರದ ಮಾಣಿ

ಸ್ವಿಚ್ ಹಾಕಿದ್ದು ನಾನು ಅಕ್ಕ.

ಹೊನ್ನಾವರ ಹೊಳೆದಂಡೆ

ತೊಡೆದೇವಿನ ಬಗ್ಗೆ ಒಂದು ಕೇಳಬೇಕಿತ್ತು. ಅದನ್ನ ಮನೆಯಲ್ಲಿ ದೋಸೆ ಕಾವಲಿ ಮೇಲೆ ಮಾಡೋಕೆ ಆಗುತ್ತದಾ? ಮಗಳು ಶಿರಸಿಯಲ್ಲಿ ತಿಂದು ಬಂದಾಗಿಂದ ಹಠ ಹಿಡಿದಿದ್ದಾಳೆ. ಕಾರ್ಟೂನ್ ನೋಡುವಾಗ ಅದೇ ಬೇಕಂತೆ.

ಶಿರಸಿ ಸೊಸೆ

ಕಾವಲಿ ಮೇಲೆ ಆ ತೆಳು ಬರೋದಿಲ್ಲ. ಅದಕ್ಕೆ ಮಡಕೆಯೇ ಬೇಕು. ಮಡಕೆ ಬೋರಲು ಹಾಕಿ ಅಡಿಯಿಂದ ಉರಿ ಕೊಡಬೇಕು. ಅಕ್ಕಿ ಹಿಟ್ಟು, ಕಬ್ಬಿನ ಹಾಲು ಸೇರಿಸಿ ನೀರಾಗಿ ಕಲಸಿದ ಹಿಟ್ಟು. ಕೋಲಿಗೆ ಬಟ್ಟೆ ಸುತ್ತಿ, ಹಿಟ್ಟಿನಲ್ಲಿ ಅದ್ದಿ, ಮಡಕೆ ಬೆನ್ನಿನ ಮೇಲೆ ಒಮ್ಮೆ ಎಳೆದರೆ ಆಯಿತು. ನಿಂತು ನೋಡುವಷ್ಟು ಹೊತ್ತಿಲ್ಲ, ಅಂಚು ಏಳುತ್ತಲೇ ಬಿಡಿಸಿ ಬಿಸಿ ಇರುವಾಗಲೇ ಮಡಚಬೇಕು. ಆರಿದ ಮೇಲೆ ಮಡಚೋಕೆ ಹೋದರೆ ಪುಡಿ. ಕಬ್ಬಿನ ಹಾಲು ಸಿಗದಿದ್ದರೆ ಬೆಲ್ಲದ ನೀರು.

ಇದು ನೋಡುತ್ತಾ ಮಾಡೋ ಕೆಲಸ ಅಲ್ಲ. ಶಿರಸಿಗೆ ಬಂದಾಗ ಒಂದು ಕಟ್ಟು ಕೊಂಡುಹೋಗಿ. ಮಗಳನ್ನ ಚಾಪೆ ಮೇಲೆ ಕೂರಿಸಿ ಕೊಡಿ, ಸೋಫಾದ ಮೇಲೆ ಬೇಡ. ಒಂದು ಕಚ್ಚಿದರೆ ನೂರು ಚೂರು, ಬೆಳಿಗ್ಗೆ ಇರುವೆ ಸಾಲು.

ಕೋಡಿಬಾಗದ ಕಿಟಕಿ

ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರದ್ದು ಹೀಗೆ ಅಂದುಕೊಂಡಿದ್ದೇವೆ. ‘ಪಂಚಾಯತ್’ ಮೊದಲ ಕಂತುಗಳು. ಕರೆಂಟ್ ಹೋದರೂ ನಷ್ಟ ಇಲ್ಲ, ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಎರಡೂವರೆ ಗಂಟೆ ಸಿನಿಮಾ ಅಂದರೆ ಮಳೆಗಾಲದಲ್ಲಿ ಕ್ಲೈಮ್ಯಾಕ್ಸಿಗೇ ಕರೆಂಟ್ ಹೋಗುತ್ತದೆ, ಬೇಕಂತಲೇ ಕಾದು ಕೂತಿರುತ್ತದೋ ಏನೋ. ಹಿಂದಿ ನಮಗೆಲ್ಲ ಅರ್ಥವಾಗುತ್ತದೆ, ಅಕ್ಷರ ಓದೋ ಗೋಜಿಲ್ಲ. ಆದರೆ ನಮ್ಮ ಅಡುಗೆಮನೆ ಮಾಡು ತಗಡಿನದು, ಜೋರು ಮಳೆ ಬಂದರೆ ಮಾತೇ ಕೇಳೋದಿಲ್ಲ, ಆಗ ಓದಲೇಬೇಕು.

ಊಟಕ್ಕೆ ಗಂಜಿ, ಮಾಣಿ ಹೇಳಿದ ಸೋರೆಕಾಯಿ ಸಿಪ್ಪೆ ಚಟ್ನಿ, ಅಂಕೋಲಾದವರ ಕಿಸ್ಮುರಿ. ಮುಳ್ಳಿಲ್ಲ. ಒಲೆ ಏಳೂವರೆಗೆ ಆರಿರುತ್ತದೆ. ಪಕ್ಕದ ಮನೆಯವರು ಹೊಳೆಯ ತಿಸ್ರೆ ತರುತ್ತೇನೆ ಅಂದಿದ್ದಾರೆ. ಅದು ಚಿಪ್ಪಿನದು, ಕತ್ತಲಲ್ಲಿ ಚಿಪ್ಪು ಎಲ್ಲಿ ಬಿಸಾಡೋದು ಅನ್ನೋ ಪ್ರಶ್ನೆ ಬರುತ್ತದೆ. ಬಿಡಿಸಿಯೇ ತನ್ನಿ ಅಂದಿದ್ದೇನೆ.

ಒಂದು ಕೇಳೋದಿದೆ. ಕಿಸ್ಮುರಿ ಮಧ್ಯಾಹ್ನವೇ ಮಾಡಿಟ್ಟರೆ ಆಗುತ್ತದಾ?

ಪುಣೆಯಲ್ಲೊಂದು ಅಂಕೋಲಾ

ಸೀಗಡಿ ಹುರಿದು ಆರಿಸಿ ಡಬ್ಬಿಗೆ ಹಾಕಿಡಿ. ಈರುಳ್ಳಿ, ಕಾಯಿತುರಿ ಬೇರೆ ಇರಲಿ, ಉಪ್ಪು ಈಗಲೇ ಹಾಕಬೇಡಿ. ಮೊದಲೇ ಕಲಸಿದರೆ ಈರುಳ್ಳಿ ನೀರು ಬಿಟ್ಟು ಸೀಗಡಿ ಮೆತ್ತಗಾಗುತ್ತದೆ. ತಿನ್ನೋ ಹೊತ್ತಿಗೆ ಕಲಸಿ, ಎರಡು ನಿಮಿಷದ ಕೆಲಸ.

ಶಿರಸಿ ಸೊಸೆ

ಮೊದಲ ಕಂತು ಮುಗಿದ ಮೇಲೆ ಅಣ್ಣನೇ ಎದ್ದು ಕಲಸಲಿ. ನಾನು ಸೀಗಡಿ ತಿನ್ನೋಳಲ್ಲ, ಆದರೂ ಹೇಳುತ್ತಿದ್ದೇನೆ.

ಕೋಡಿಬಾಗದ ಕಿಟಕಿ

ಆಯಿತು ಅಕ್ಕ. ಕಾವಲಿಯನ್ನೂ ಆಗಲೇ ತಿಕ್ಕುತ್ತೇನೆ.